ತೋಳಿನಲ್ಲಿ ಇಲ್ಲದ ಇಮಾಮ್ ಜಾಮೀನು

ಸೋಮವಾರ ಬೆಳಗ್ಗೆ 11.20ಕ್ಕೆ ಶಹಾಪುರ ಠಾಣೆಯ ಮೆಟ್ಟಿಲು ಹತ್ತಿ ಬಂದವನ ಅಂಗಿಯ ಬಲತೋಳು ಭುಜದಿಂದ ಮೊಣಕೈವರೆಗೆ ಹರಿದಿತ್ತು. ಹೆಸರು ಆಸೀಫ್, ವಯಸ್ಸು ಮೂವತ್ತನಾಲ್ಕು, ಬೈಕ್ ಮೆಕ್ಯಾನಿಕ್. ಕುರ್ಚಿಯಲ್ಲಿ ಕೂತವನು ಬಾಯಿಗೆ ಕರವಸ್ತ್ರ ಹಿಡಿದು ಒಂದಿಷ್ಟು ಹೊತ್ತು ಕೆಮ್ಮಿದ. ಪಿಎಸ್‌ಐ ಭಾಗ್ಯ ನೀರು ತರಿಸಿದರು.

"ಏನ್ ಆಯ್ತು?"

"ಯಾದಗಿರಿ ಸ್ಟೇಷನ್ನಿಗೆ ಹೊಂಟಿದ್ದೆರಿ. ಅಲ್ಲಿಂದ ಹೈದರಾಬಾದ್ ಗಾಡಿ ಹಿಡೀಬೇಕಿತ್ತು. ಊರು ದಾಟಿದ ಮ್ಯಾಲ ಬೈಕ್ ಮ್ಯಾಲ ಇಬ್ಬರು ಬಂದು ಬ್ಯಾಗ್ ಕಸ್ಗೊಂಡು ಹೋದ್ರು."

"ಬ್ಯಾಗಿನಾಗ ಏನಿತ್ತು?"

"ಪಾಸ್‌ಪೋರ್ಟ್ ಇದ್ವುರಿ. ನಂದು, ನನ್ನ ಹೆಂಡ್ತೀದು. ಅಲ್ಲಿ ಕೇಳಿದ್ರ ಇರ್ಲಿ ಅಂತ ಆಕೀದೂ ಇಟ್ಕೊಂಡಿದ್ದೆ."

ಮುಖ್ಯ ಪೇದೆ ಖಾಜಾಮಿಯಾ ಆಗಲೇ ಅವನ ಗುರುತು ಹಿಡಿದಿದ್ದರು. ಹೋದ ವಾರವಷ್ಟೇ ಇವನ ಮೇಲೆ ಪ್ರಕರಣಗಳಿಲ್ಲವೆಂಬ ಪೊಲೀಸ್ ಕ್ಲಿಯರೆನ್ಸ್‌ನ ಪರಿಶೀಲನೆಗೆಂದು ಮನೆಗೆ ಹೋಗಿ ಚಹಾ ಕುಡಿದು ಬಂದಿದ್ದರು. ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ನೆಲೆಸುವ ವೀಸಾಕ್ಕೆ ಅದು ಬೇಕು. ಹೆಂಡತಿ ಮಸರತ ಖಾಸಗಿ ಆಸ್ಪತ್ರೆಯೊಂದರ ನರ್ಸ್. ಅರ್ಜಿ ಅವಳದು, ಇವನು ಅವಳ ಗಂಡನೆಂಬ ನೆಲೆಯಲ್ಲಿ ಜೊತೆಗೆ ಹೋಗುವವನು. ಅವಳ ಕ್ಲಿಯರೆನ್ಸ್ ಬಂದಾಗಿತ್ತು. ಇವನ ಕಾಗದ ಭಾಗ್ಯ ಅವರ ಸಹಿಗಾಗಿ ಮೇಜಿನ ಮೇಲೆಯೇ ಇತ್ತು.

ಅಷ್ಟರಲ್ಲಿ ಮಸರತ ಡ್ಯೂಟಿಯ ಬಿಳಿ ಕೋಟಿನಲ್ಲೇ ಓಡಿ ಬಂದಳು. ಗಂಡನ ಮೈ ಮುಟ್ಟಿ ನೋಡಿ, ಎಲ್ಲೂ ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಭಾಗ್ಯ ಅವರ ಕಡೆ ತಿರುಗಿದಳು.

"ಶುಕ್ರವಾರದ ಒಳಗ ಹೈದರಾಬಾದಿನಾಗ ಇವರ ವೀಸಾದ ಮೆಡಿಕಲ್ ಆಗ್ಬೇಕು ಮೇಡಂ. ಒಂದ್ಸಲ ಮುಂದ ಹಾಕ್ಸೀವಿ, ಈ ಸಲ ತಪ್ಪಿದ್ರ ಅರ್ಜೀನೇ ಹೋಗ್ತದ. ನಂದು ಮುಗದದ. ಅಸಲಿ ಪಾಸ್‌ಪೋರ್ಟ್ ಇಲ್ಲಂದ್ರ ಅಲ್ಲಿ ಒಳಗಽ ಬಿಡಂಗಿಲ್ಲ. ಇಂಗ್ಲಿಷ್ ಪರೀಕ್ಷಾ ಮೂರು ಸಲ ಬರದೀನ್ರಿ ಇದಕ್ಕಾಗಿ."

"ಹುಡಕ್ತೀವಿ," ಎಂದರು ಭಾಗ್ಯ. ಹೇಳಿದ ಮೇಲೆ ಎದೆಯಲ್ಲಿ ಅಳುಕು ಶುರುವಾಯಿತು. ಠಾಣೆಗೆ ಬಂದು ಇನ್ನೂ ಮೂರು ತಿಂಗಳು. ಮಾತು ಕೊಡುವುದು ಸುಲಭ, ಕೊಟ್ಟ ಮಾತಿನ ಹಿಂದೆ ಅಲೆಯುವ ಕೆಲಸ ಯಾರದೆಂದು ಜೀಪಿನ ಡ್ರೈವರನನ್ನು ಕೇಳಬೇಕು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸ್ಥಳ ಪಂಚನಾಮೆ ಆಯಿತು. ಆಸೀಫ್ ತೋರಿಸಿದ ಜಾಗದಲ್ಲಿ ರಸ್ತೆಯ ಎರಡೂ ಕಡೆ ಹತ್ತಿ ಹೊಲ. ಅವನು ಹೇಳಿದ, ಕಳ್ಳರ ಕೆಂಪು ಬೈಕನ್ನು ಪೆಟ್ರೋಲ್ ಬಂಕಿನ ಕ್ಯಾಮರಾ ಕಂಡಿರಲಿಲ್ಲ, ಚಹಾದಂಗಡಿಯವನೂ ಕಂಡಿರಲಿಲ್ಲ. ಯಾದಗಿರಿಯ ಕಡೆಯ ಠಾಣೆಗಳಿಗೆಲ್ಲ ಸುದ್ದಿ ಮುಟ್ಟಿಸಿದರೂ ಮಂಗಳವಾರ ಸಂಜೆಯವರೆಗೆ ಏನೂ ಸಿಗಲಿಲ್ಲ. ಮಸರತ ಮೂರು ಸಲ ಫೋನ್ ಮಾಡಿದ್ದಳು. ನಾಲ್ಕನೆಯ ಸಲ ಫೋನ್ ಬಡಿದುಕೊಂಡಾಗ ಭಾಗ್ಯ ಅದನ್ನು ಎತ್ತಲಾರದೆ, ಖಾಜಾಮಿಯಾರನ್ನು ಕರೆದುಕೊಂಡು ಅವಳ ಮನೆಗೇ ಹೋದರು.

ಬಾಗಿಲು ತೆರೆದದ್ದು ಆಸೀಫನ ತಾಯಿ ಹಜರಾಬೀ. ಒಳಗೆ ಎರಡು ದೊಡ್ಡ ಸೂಟ್‌ಕೇಸ್‌ಗಳು ಪ್ಲಾಸ್ಟಿಕ್ ಹೊದಿಕೆ ಸಮೇತ ನಿಂತಿದ್ದವು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾನೇ ನನ್ನ ಕೈಲೆ ಇಮಾಮ್ ಜಾಮೀನ್ ಕಟ್ಟಿ ಕಳ್ಸಿದ್ದೆನವ್ವಾ. ಹಸ್ರ ಬಟ್ಟಿಗಿ ಜರಿ ಅಂಚು ಹಚ್ಚಿ ಹೊಲ್ದಿದ್ದೆ. ಆದ್ರೂ ಹಿಂಗಾತು ನೋಡು."

ಭಾಗ್ಯ ಖಾಜಾಮಿಯಾರ ಮುಖ ನೋಡಿದರು.

"ಪ್ರಯಾಣಕ್ಕ ಹೋಗೋರಿಗೆ ಹಿರೇರು ಬಲತೋಳಿಗೆ ಕಟ್ತಾರ್ರಿ," ಎಂದು ಅವರು ವಿವರಿಸಿದರು. "ಬಟ್ಟಿಯೊಳಗ ರೊಕ್ಕ ಇಟ್ಟಿರ್ತಾರ. ದಾರಿಯೊಳಗ ಇಮಾಮ್ ಸಾಹೇಬ್ರು ಜಾಮೀನು ನಿಂತಂಗ. ಸಲಾಮತ್ ಹೋಗಿ ಮುಟ್ಟಿದ ಮ್ಯಾಲ ಬಿಚ್ಚಿ, ಒಳಗಿನ ರೊಕ್ಕ ಬಡವರಿಗೆ ಖೈರಾತ್ ಕೊಡಬೇಕು."

ಬಲತೋಳು. ಭಾಗ್ಯ ಅವರ ಕಣ್ಣ ಮುಂದೆ ಹರಿದ ಅಂಗಿ ಬಂದು ನಿಂತಿತು. ಆ ತೋಳಿನಲ್ಲಿ ಏನೂ ಇರಲಿಲ್ಲ.

ಒಳಗಿನ ಕೋಣೆಯಿಂದ ಆಸೀಫ್ ಬಂದ.

"ಇಮಾಮ್ ಜಾಮೀನ್ ಎಲ್ಲಿ ಅದ?" ಎಂದು ಭಾಗ್ಯ ಕೇಳಿದರು.

ಅವನು ತಾಯಿಯ ಕಡೆ ನೋಡಿದ. "ಜಗ್ಗಾಟದಾಗ ಬಿತ್ತುರಿ."

"ನಾ ಮೂರು ಗಂಟು ಹಾಕಿದ್ದೆ," ಎಂದಳು ಹಜರಾಬೀ, ಯಾರೂ ಕೇಳದಿದ್ದರೂ.

ಬುಧವಾರ ಬೆಳಗಾಗುತ್ತಲೇ ಪಂಚನಾಮೆಯ ಜಾಗವನ್ನು ಮತ್ತೆ ಅಂಗುಲ ಅಂಗುಲ ಜಾಲಾಡಿದರು. ಹಸಿರು ಬಟ್ಟೆಯ ಚೂರೂ ಇರಲಿಲ್ಲ.

"ಕಳ್ಳ ಬ್ಯಾಗ್ ಒಯ್ತಾನ್ರಿ. ಇಮಾಮ್ ಜಾಮೀನ್ ಯಾವನೂ ಮುಟ್ಟಂಗಿಲ್ಲ," ಎಂದರು ಖಾಜಾಮಿಯಾ. "ಇವನಽ ಬಿಚ್ಚ್ಯಾನ. ಬಿಚ್ಚಿದ್ರ ಬಿಸಾಕಂಗಿಲ್ಲ, ಖೈರಾತ್ ಕೊಟ್ಟಿರ್ತಾನ. ಯಾರಿಗಿ ಕೊಟ್ಟಾನ ಅಂತ ನಾ ಹುಡಕ್ತೀನಿ ಮೇಡಂ."

ಖಾಜಾಮಿಯಾ ಆಸೀಫನ ಫೋಟೋ ಹಿಡಿದು ದರ್ಗಾದಿಂದ ದರ್ಗಾಕ್ಕೆ ಅಲೆದರು. ಯಾದಗಿರಿ ರಸ್ತೆಯಲ್ಲಿ ಯಾರೂ ಅವನನ್ನು ಕಂಡಿರಲಿಲ್ಲ. ಮಧ್ಯಾಹ್ನ ಅವರ ಫೋನ್ ಬಂದದ್ದು ತೀರ ಉಲ್ಟಾ ದಿಕ್ಕಿನಿಂದ, ಸುರಪುರದಿಂದ. ಅಲ್ಲಿ ದರ್ಗಾದ ಬಾಗಿಲಲ್ಲಿ ಕೂರುವ ಮುದುಕಿಯೊಬ್ಬಳು ಫೋಟೋ ಗುರುತಿಸಿದ್ದಳು. ಸೋಮವಾರ ಮುಂಜಾನೆ ಬೈಕಿನಲ್ಲಿ ಬಂದು, ತೋಳಿನದು ಬಿಚ್ಚಿ, ರೊಕ್ಕ ಅವಳ ಕೈಗೆ ಹಾಕಿ, ದುವಾ ಮಾಡು ಎಂದು ಹೇಳಿ ಹೋಗಿದ್ದನಂತೆ. ಜರಿ ಅಂಚಿನ ಹಸಿರು ಬಟ್ಟೆ ಅವಳ ಜೋಳಿಗೆಯಲ್ಲೇ ಇತ್ತು.

ಆಸೀಫನನ್ನು ಠಾಣೆಗೆ ಕರೆಸಿ ಭಾಗ್ಯ ಆ ಬಟ್ಟೆಯನ್ನು ಮೇಜಿನ ಮೇಲಿಟ್ಟರು. ಅವನು ಅದನ್ನು ನೋಡಿದ.

"ಸುರಪುರಕ್ಕ ಯಾಕ ಹೋಗಿದ್ದಿ?"

ಆಸೀಫ್ ಬಟ್ಟೆಯನ್ನು ಎತ್ತಿ ಮಡಿಚತೊಡಗಿದ.

"ಪಾಸ್‌ಪೋರ್ಟ್ ಎಲ್ಲಿ ಅದಾವ?"

"ಉಸ್ತಾದರ ಗ್ಯಾರೇಜಿನಾಗರಿ. ಸುರಪುರದಾಗ."

"ಇಷ್ಟೆಲ್ಲಾ ಮಾಡಿದಾಂವ ಇದನ್ಯಾಕ ಬಿಚ್ಚಿ ಕೊಟ್ಟಿ? ಕಟ್ಕೊಂಡಽ ಬಂದಿದ್ರ ನಮಗ ಗೊತ್ತಽ ಆಗ್ತಿರ್ಲಿಲ್ಲ."

"ಅದನ್ನ ಕಟ್ಕೊಂಡು ಸುಳ್ಳು ಹೇಳಾಕ ಆಗ್ಲಿಲ್ರಿ," ಎಂದು ಆಸೀಫ್ ತಲೆ ತಗ್ಗಿಸಿದ.

ಸಂಜೆ 4.30ಕ್ಕೆ ಪಂಚರ ಸಮಕ್ಷಮ ಸುರಪುರದ ಆ ಹಳೆಯ ಗ್ಯಾರೇಜ್ ತೆರೆಸಲಾಯಿತು. ಅವನು ಕೆಲಸ ಕಲಿತ ಜಾಗ ಅದು. ಗುಜರಿಗೆ ಬಿದ್ದ ಬೈಕೊಂದರ ಸೀಟಿನ ಕೆಳಗೆ ಬ್ಯಾಗಿತ್ತು. ಪಾಸ್‌ಪೋರ್ಟ್‌ಗಳೆರಡನ್ನೂ ಎಣ್ಣೆ ತಾಗದಂತೆ ಮೂರು ಸುತ್ತು ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟಿದ್ದ. ಕೃಷ್ಣೆಗೆ ಎಸೆದುಬಿಡಬೇಕೆಂದು ಹೊರಟಿದ್ದನಂತೆ, ಆದರೆ ಹೆಂಡತಿಯ ಫೋಟೋ ಇರುವ ಪುಸ್ತಕವನ್ನು ನೀರಿಗೆ ಹಾಕಲು ಕೈ ಬರಲಿಲ್ಲವಂತೆ. ಭಾಗ್ಯ ಅವರಿಗೆ ಸಿಟ್ಟು ಬಂತು, ಕನಿಕರವೂ ಬಂತು. ಯಾವುದನ್ನು ಮೊದಲು ತೋರಿಸಬೇಕೆಂದು ತಿಳಿಯದೆ ಜೀಪು ಹತ್ತಿದರು.

ವಾಪಸು ಬರುವ ದಾರಿಯಲ್ಲಿ ಅವನು ತಾನಾಗಿಯೇ ಬಾಯಿ ಬಿಟ್ಟ. ಕೆಮ್ಮು ನಿಲ್ಲದೆ, ಮನೆಯಲ್ಲಿ ಯಾರಿಗೂ ಹೇಳದೆ ಕಲಬುರಗಿಗೆ ಹೋಗಿ ಎಕ್ಸ್‌ರೇ ತೆಗೆಸಿದ್ದ. ಟಿಬಿ ಎಂದಿದ್ದರು. ಮನೆಮಂದಿಯಲ್ಲಿ ಒಬ್ಬರು ಮೆಡಿಕಲ್‌ನಲ್ಲಿ ಫೇಲಾದರೂ ಎಲ್ಲರ ವೀಸಾ ರದ್ದು ಎಂದು ಏಜೆಂಟ್ ಮೊದಲೇ ಹೇಳಿದ್ದ.

"ಕಳ್ಳರು ಒಯ್ದ್ರು ಅಂದ್ರ ನಸೀಬು ಅಂತಿದ್ಲುರಿ. ನನ್ನಿಂದ ಹೋಯ್ತು ಅಂತ ಗೊತ್ತಾದ್ರ? ನನ್ನ ಹೆಸರು ತಗದು ಒಬ್ಬಾಕಿನೇ ಹೋಗ್ಬೇಕೋ ಬ್ಯಾಡೋ ಅಂತ ಆಕಿ ಕುಂತು ಯೋಚ್ನಿ ಮಾಡೂದು ನನ್ ಕಣ್ಣೀಲೆ ನೋಡಾಕ ಆಗ್ತಿರ್ಲಿಲ್ರಿ."

ಗುರುವಾರ ಬೆಳಗ್ಗೆ ಮಸರತ ಬಂದಾಗ ಅವಳ ಮುಖ ಅರಳಿತ್ತು. "ಸಿಕ್ಕಾವಂತಲ್ರೀ ಮೇಡಂ? ಇವತ್ತು ರಾತ್ರಿ ಗಾಡಿಗಿ ಹೋದ್ರೂ ನಾಳಿ ಮೆಡಿಕಲ್ ಸಿಗ್ತದ."

ಭಾಗ್ಯ ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದರು. ಅವಳು ಅಳಲಿಲ್ಲ. ಎದ್ದು ಹೋಗಿ ಬೆಂಚಿನ ಮೇಲೆ ಕೂತಿದ್ದ ಗಂಡನ ಮುಂದೆ ನಿಂತಳು.

"ವಾರ್ಡಿನಾಗ ದಿನಾ ಆ ಗುಳಿಗಿ ಕೊಡಾಕಿ ನಾ," ಎಂದಳು. "ಆರು ತಿಂಗಳು ನುಂಗಿದ್ರ ಹೋಗ್ತದ. ವೀಸಾದವ್ರೂ ಅಲ್ಲೀತನ ಕಾಯ್ತಾರ, ಆಮ್ಯಾಲ ಮತ್ತ ಮೆಡಿಕಲ್ ಮಾಡ್ತಾರ. ನನ್ನ ಒಂದು ಮಾತು ಕೇಳಿದ್ರ ಸಾಕಿತ್ತು."

ಆಸೀಫ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಒಳಗೆ ಖಾಜಾಮಿಯಾ ಮೆಲ್ಲಗೆ ಕೇಳಿದರು. "ಮೇಡಂ, ಬ್ಯಾಗ್ ರಸ್ತೆ ಬಾಜು ಸಿಕ್ತು ಅಂತ ಬರದು ಮುಗಿಸಿದ್ರ?"

ಭಾಗ್ಯ ಅವರಿಗೂ ಬೆಳಗಿನಿಂದ ಅದೇ ಯೋಚನೆ ಕೊರೆಯುತ್ತಿತ್ತು. "ಪಂಚರು ಸಹಿ ಹಾಕ್ಯಾರ ಖಾಜಾಮಿಯಾ ಅವರೇ. ನಾ ಸುಳ್ಳು ಬರದ್ರ ಅವನಿಗೂ ನನಗೂ ಏನು ಫರಕ್?"

ಸುಳ್ಳು ದೂರು ಕೊಟ್ಟು ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ, ನ್ಯಾಯಾಲಯದ ಅನುಮತಿ ಪಡೆದು, ಅಂದು ಮಧ್ಯಾಹ್ನ ಆಸೀಫನನ್ನು ಬಂಧಿಸಲಾಯಿತು. ಮೇಜಿನ ಮೇಲೆ ಅವನ ಕ್ಲಿಯರೆನ್ಸ್ ಕಾಗದ ಹಾಗೆಯೇ ಇತ್ತು. ಅರ್ಜಿದಾರನ ಮೇಲೆ ಪ್ರಕರಣಗಳಿವೆಯೇ ಎಂಬಲ್ಲಿ ಸೋಮವಾರದವರೆಗೆ ‘ಇಲ್ಲ’ ಎಂದು ಬರೆಯಬಹುದಿತ್ತು. ಭಾಗ್ಯ ಪೆನ್ನು ತೆಗೆದು ‘ಇದೆ’ ಎಂದು ಬರೆದರು. ಎದೆಯ ರೋಗಕ್ಕೆ ಗುಳಿಗೆ ಇತ್ತು. ಕಾಗದದ ಮೇಲಿನ ಈ ಮಾತಿಗೆ ಯಾವ ಆಸ್ಪತ್ರೆಯಲ್ಲೂ ಇರಲಿಲ್ಲ.

ಹೊರಗೆ ಜೀಪು ಕೋರ್ಟಿಗೆ ಹೊರಟು ನಿಂತಿತ್ತು. ಹಜರಾಬೀ ಬಂದು, ಯಾರ ಅಪ್ಪಣೆಯನ್ನೂ ಕೇಳದೆ, ಮಗನ ಬಲತೋಳಿಗೆ ಹೊಸದೊಂದು ಇಮಾಮ್ ಜಾಮೀನು ಕಟ್ಟತೊಡಗಿದಳು. ಖಾಜಾಮಿಯಾ ಭಾಗ್ಯ ಅವರತ್ತ ನೋಡಿದರು. ಭಾಗ್ಯ ಬೇಡವೆನ್ನಲಿಲ್ಲ.

ಮಸರತ ತನ್ನ ಬ್ಯಾಗಿನಿಂದ ಮಾಸ್ಕ್ ತೆಗೆದು ಗಂಡನ ಬಾಯಿಗೆ ಕಟ್ಟಿದಳು. ಇನ್ನೊಂದನ್ನು ಡ್ರೈವರನಿಗೆ ಕೊಟ್ಟಳು.

"ನಿಮ್ಮ ಪಾಸ್‌ಪೋರ್ಟ್ ಕೋರ್ಟಿನಿಂದ ಲಗೂನ ಬಿಡಿಸ್ಕೋಬಹುದು," ಎಂದರು ಭಾಗ್ಯ. "ನಿಮ್ಮ ಹೆಸರಿನಾಗ ಏನೂ ಇಲ್ಲ. ಒಬ್ಬರೇ ಹೋಗಾಕ ಅಡ್ಡಿ ಇಲ್ಲ."

ಇದೇ ಮಾತಿಗೆ ಹೆದರಿ ಆಸೀಫ್ ಇಷ್ಟೆಲ್ಲ ಮಾಡಿದ್ದ. ಜೀಪಿನೊಳಗೆ ಕೂತವನಿಗೂ ಅದು ಕೇಳಿಸಿತು. ಮಾಸ್ಕಿನ ಮೇಲಿನ ಎರಡು ಕಣ್ಣು ಹೆಂಡತಿಯ ಮುಖವನ್ನೇ ನೋಡುತ್ತಿದ್ದವು.

ಮಸರತ ಆ ಕಡೆ ನೋಡಲಿಲ್ಲ. "ಜೈಲಿನಾಗ ಟಿಬಿ ಗುಳಿಗಿ ಕೊಡ್ತಾರೇನ್ರಿ?" ಎಂದು ಕೇಳಿದಳು. "ಒಂದಿನಾನೂ ತಪ್ಪಬಾರ್ದು."