ಬಲಗೈಯ ಮಿಂಚು

ಧಾರೆಯ ಸೀರೆಯನ್ನು ಮದುಮಗನೇ ನೇಯಬೇಕೆಂಬುದು ಗಜೇಂದ್ರಗಡದ ಆ ಮನೆತನದ ರೂಢಿ. ಬೇಗ ಮುಗಿಸುವ ಹಂಬಲದಲ್ಲಿ ಮದುಮಗ ಈಶಪ್ಪ ಮಗ್ಗದ ಕುಣಿಯಲ್ಲೇ, ಮಗ್ಗದ ಅಡ್ಡಮರದ ಮೇಲೆ ತೋಳು ಇಳಿಬಿಟ್ಟು ನಿದ್ದೆಹೋದ. ಎಚ್ಚರಾದಾಗ ಬಲಗೈ ಮಣಿಕಟ್ಟಿನಿಂದ ಜೋತುಬಿದ್ದಿತ್ತು. ಬೆರಳು ಏಳಲೊಲ್ಲವು.

"ದವನದ ಹುಣ್ಣಿಮಿತನಕ ಕಾಯ್ತೀನಿ," ಎಂದ ಸೋದರಮಾವ ತೋಟಪ್ಪ. "ಮಗ್ಗದಿಂದ ಸೀರಿ ಇಳೀಲಿಲ್ಲಂದ್ರ ಮಗಳಿಗೆ ಬ್ಯಾರೆ ವರ ನೋಡಾಂವ."

ಮಗಳು ಕಳಕವ್ವ ಬಾಗಿಲ ಮರೆಯಿಂದ ಈಶಪ್ಪನನ್ನೇ ನೋಡುತ್ತಿದ್ದಳು. ಅವನು ತಲೆ ಎತ್ತಲಿಲ್ಲ.

ಆ ವಾರ ಸಿಡುಬು ಬಾರದಂತೆ ಮಕ್ಕಳಿಗೆ ದೇವಿ ಹಾಕಲು ರೋಣದಿಂದ ಕಂಪೌಂಡರ ರಾಘಣ್ಣ ಬಂದ. ಅವನ ಬಳಿ ಡಾಕ್ಟರ ಸಾಹೇಬರ, ಮೈಗೆ ವಿದ್ಯುತ್ತು ಹರಿಸುವ ಬಿಜಲಿ ಪೆಟ್ಟಿಗೆ ಇತ್ತು. ಅದರ ತಂತಿಯನ್ನು ಈಶಪ್ಪನ ಮುಂಗೈಗೆ ತಾಗಿಸಿ ಹಿಡಿಕೆ ತಿರುವಿದ. ಬೆರಳು ಚಟ್ಟನೆ ಎದ್ದವು!

"ಯವ್ವಾ!" ಕಳಕವ್ವ ನಾಚಿಕೆ ಮರೆತು ಹೊರಗೆ ಬಂದೇಬಿಟ್ಟಳು.

"ಕೈಯ ಖಂಡ ಸತ್ತಿಲ್ಲವ್ವಾ," ರಾಘಣ್ಣ ನಕ್ಕ. "ಒಳಗ ನಿಮ್ಮ ನೂಲಿನ ಹಂಗ ಅದ. ಲಡಿಯೊಳಗ ಲಡಿ, ಅದರೊಳಗ ಎಳಿ. ಸಾಹೇಬರ ದೊಡ್ಡ ಭೂತಗನ್ನಡಿಯಾಗ ನೋಡಿದ್ರ ಎಳಿಗೆಲ್ಲ ಅಡ್ಡಗೆರಿ, ಸೀರಿ ಪಟ್ಟಿಯಂಗ. ತಲಿಯಿಂದ ನರದಗುಂಟ ಸಣ್ಣ ಮಿಂಚು ಓಡಿಬಂದು ಎಳಿ ಮೈತುಂಬ ಹರೀತದ. ಆಗ ಎಳಿ ಕುಗ್ಗಿ ಬೆರಳ ಎತ್ತತಾವ."

"ಮತ್ತ ನನಗ್ಯಾಕ ಏಳವಲ್ವು?"

"ತೋಳು ಒತ್ತಿದಲ್ಲೆ ದಾರಿ ಕಟ್ಟೇದ. ಬಿಡತದ, ಯಾವಾಗಂತ ಹೇಳಲಾರೆ. ಕೈ ಸೆಟಿಯದಂಗ ದಿನಾ ಆಡಸ್ರಿ."

ಮರುದಿನ ಕಳಕವ್ವ ಮಗ್ಗದ ಕುಣಿಗೆ ಇಳಿದು ಅವನ ಬಲಕ್ಕೆ ಕುಳಿತಳು.

"ಏ, ಏನಿದು?"

"ನಿನ್ನ ಮಿಂಚು ಬರೂತನಕ ನಾನ ಬಲಗೈ. ಅತ್ತಾಗ ಸರಿ, ಮಾಮಾ."

"ಮಂದಿ ನಗ್ತಾರ."

"ನಗಲಿ. ನೀ ಲಾಳಿ ಒಗಿ."

ಅವನ ಎಡಗೈ ಎಸೆದ ಲಾಳಿಯನ್ನು ಅವಳ ಬಲಗೈ ಹಿಡಿಯಿತು. ಭುಜಕ್ಕೆ ಭುಜ ತಾಗಿತು. ನೂಲು ಪಟ್ಟನೆ ತುಂಡಾಯಿತು.

"ನೂಲು ನೋಡಂದ್ರ ನನ್ನ ನೋಡ್ತಿ!" ಕಳಕವ್ವ ಕಣ್ಣರಳಿಸಿ ಗದರಿಸಿದಳು. ಅವಳ ಕಿವಿ ಕೆಂಪಾಗಿತ್ತು.

ದಿನವೂ ಮಧ್ಯಾಹ್ನ ಎಣ್ಣೆ ಹಚ್ಚಿ, ಅವನ ಒಂದೊಂದೇ ಬೆರಳನ್ನು ಎತ್ತಿ ಇಳಿಸುತ್ತಿದ್ದಳು.

ಹುಣ್ಣಿಮೆಯ ಹಿಂದಿನ ದಿನ ಸೆರಗು ಮುಗಿಯುತ್ತ ಬಂದಿತ್ತು. ತೊಡೆಯ ಮೇಲಿದ್ದ ಬಲಗೈಯ ನಡುಬೆರಳು ಅಕ್ಕಿಕಾಳಿನಷ್ಟು ಎದ್ದಿತು.

"ಕಳಕಾ, ನೀ ಎತ್ತಿದ್ಯಾ?"

"ನಾ ಮುಟ್ಟೇ ಇಲ್ಲ!"

ಮತ್ತೆ ಎದ್ದಿತು. ಕಳಕವ್ವನ ಕೈಯಿಂದ ಲಾಳಿ ಜಾರಿತು. ಸೆರಗಿನಲ್ಲಿ ಒಂದೆಳೆ ಡೊಂಕಾಯಿತು. ಈಶಪ್ಪ ಅದನ್ನು ಬಿಚ್ಚಹೋದ.

"ಬಿಚ್ಚಬ್ಯಾಡ. ಮಿಂಚು ಬಂದದ್ದು ಅಲ್ಲೇ," ಎಂದು ಅವಳು ಕಣ್ಣೊರೆಸಿಕೊಂಡಳು.

ಬಾಗಿಲಲ್ಲಿ ತೋಟಪ್ಪ ನಿಂತಿದ್ದ. "ರೂಢಿ ಗೊತ್ತೈತಿಲ್ಲೋ? ಇದು ಮದುಮಗನ ಕೈ ನೇಯ್ದದ್ದೇನು?"

"ಎಡಗೈ ನಂದರಿ, ಮಾವಾ." ಈಶಪ್ಪ ಕಳಕವ್ವನನ್ನು ನೋಡಿದ. "ಈ ಬಲಗೈನೂ ನಂದ."

ತೋಟಪ್ಪ ಡೊಂಕು ಎಳೆಯ ಮೇಲೆ ಬೆರಳಾಡಿಸಿದ. ಆಮೇಲೆ ಹೊರಗೆ ತಿರುಗಿ ಕೂಗಿದ:

"ಏ, ಮದವಿ ಹಂದರಕ್ಕ ಗಳ ತರಸ್ರೋ!"