ಬಿಳಿ ತೊಗಲಿನ ಕಾರು

"ಕಾರು ನಿಮ್ದೇ ಇರ್ಲಿ. ಆ ತೊಗಲು ಮಾತ್ರ ನಮಗೆ ಕೊಡ್ರಿ, ಮಣ್ಣು ಮಾಡ್ತೀವಿ. ಆಮೇಲೆ ಲಂಕೆಗೆ ಬೇಕಾದ್ರೂ ಓಡಿಸ್ಕೊಂಡು ಹೋಗ್ರಿ."

ದೇವರ ಎತ್ತುಗಳನ್ನು ಕಾಯುವ ಕಿಲಾರಿ ಗಾದ್ರಪ್ಪ ಗೋಡೌನಿನ ಬಾಗಿಲಾಚೆ ನಿಂತು ಹೇಳಿದ್ದು ಇಷ್ಟೇ. ಕೈಮುಗಿಯಲಿಲ್ಲ, ದನಿ ಎತ್ತಲಿಲ್ಲ. ವೀರೇಶ ಸ್ಪ್ಯಾನರ್ ಒರೆಸುತ್ತ ನಕ್ಕ. ತೊಗಲಿನ ಚಪ್ಪಲಿ ಮೆಟ್ಟಿಕೊಂಡು ಬಂದು ತೊಗಲಿಗೆ ಅಳ್ತೀಯಲ್ಲ ಮಾರಾಯ, ಮೊದಲು ನಿನ್ನ ಚಪ್ಪಲಿಯನ್ನ ಮಣ್ಣು ಮಾಡು ಎಂದ. ಗಾದ್ರಪ್ಪ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಕಾದ ನೆಲದ ಮೇಲೆ ಬರಿಗಾಲಲ್ಲಿ ನಡೆದುಹೋದ.

ವೀರೇಶ ರಾಣೆಬೆನ್ನೂರಿನ ಕಡೆಯವನು, ಗ್ಯಾರೇಜಿನಲ್ಲಿ ಕೈ ಪಳಗಿದವನು. ಪವಿತ್ರಳನ್ನು ಮದುವೆಯಾಗಿ ಚಳ್ಳಕೆರೆಯ ಎಣ್ಣೆ ಗಿರಣಿಯವರ ಮನೆಗೆ ಮನೆಅಳಿಯನಾಗಿ ಬಂದಿದ್ದ. ಮನೆಅಳಿಯನ ಅನ್ನಕ್ಕೆ ಉಪ್ಪು ಹಾಕುವವರು ಬೇರೆಯವರು. ಅವಳ ತಮ್ಮ ತಿಪ್ಪೇರುದ್ರ ಊಟಕ್ಕೆ ಕೂತಾಗಲೆಲ್ಲ ಕುಟುಕುತ್ತಿದ್ದ: "ಭಾವ, ಗೇರ್ ಹಾಕೋದು ನೀನು, ಗಾಡಿ ಮಾತ್ರ ನಮ್ದು, ಅಲ್ವಾ?" ವೀರೇಶ ಆ ಮಾತನ್ನು ಅನ್ನದ ಜೊತೆಗೇ ನುಂಗುತ್ತಿದ್ದ. ಪಾಳುಬಿದ್ದ ಗೋಡೌನಿನಲ್ಲಿ ಪವಿತ್ರಳ ತಾತನ ಅಮೆರಿಕದ ಕಾರು ಕಂಡ ದಿನ, ಅದನ್ನು ಎಬ್ಬಿಸಿದರೆ ನಿನಗೇ ಎಂದು ಮಾವನ ಬಾಯಿಂದ ಮಾತು ತೆಗೆಸಿಕೊಂಡ. ಈ ಊರಲ್ಲಿ ತನ್ನದು ಅನ್ನಲು ಒಂದೇ ಒಂದು ವಸ್ತು. ಅದರಲ್ಲಿ ಎದೆಯೆತ್ತಿ ಪೇಟೆಯ ನಡುವೆ ಹೋಗಬೇಕು, ತಿಪ್ಪೇರುದ್ರ ನಿಂತು ನೋಡಬೇಕು.

ದೋಣಿಯಷ್ಟು ಉದ್ದದ ಕಾರು. ಮೇಲಿನ ಛಾವಣಿಯನ್ನು ಮಡಚಿ ಹಿಂದಕ್ಕೆ ಸರಿಸಿದರೆ ತಲೆಯ ಮೇಲೆ ಬರೀ ಆಕಾಶ. ಹಳೇ ಹಿಂಡಿಯ ಕಮಟು, ಇಲಿಪಿಕ್ಕೆ, ಕತ್ತಲು ಅದರ ಮೇಲೆ ಕೂತು ಎಷ್ಟೋ ಮಳೆಗಾಲ ಕಳೆದಿದ್ದವು. ಪಿಸ್ಟನ್ನುಗಳು ತುಕ್ಕು ಕಚ್ಚಿ ಕೂತಿದ್ದವು. ವೀರೇಶ ಪ್ಲಗ್ಗಿನ ತೂತಿಗೆ ಎಣ್ಣೆ ಬಿಟ್ಟು, ನೆನೆಯಲು ಬಿಟ್ಟು, ಎಂಜಿನ್ನನ್ನು ಕೈಯಲ್ಲೇ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿ ಸಡಿಲಿಸಿದ. ಟ್ಯಾಂಕಿನಲ್ಲಿ ಅಂಟಾಗಿದ್ದ ಪೆಟ್ರೋಲನ್ನು ಕೆರೆದು ತೊಳೆದ. ಇಲಿ ಕಡಿದ ವೈರು, ಬಿರಿದ ಬ್ರೇಕಿನ ರಬ್ಬರು, ಗೆದ್ದಲು ತಿಂದ ಛಾವಣಿಯ ಬಟ್ಟೆ ಎಲ್ಲ ಹೊಸತಾಯಿತು. ಕೆಡದೆ ಉಳಿದಿದ್ದು ಒಂದೇ, ಮುಂದಿನ ಸೀಟಿನ ಬಿಳಿ ತೊಗಲು. ಅದನ್ನು ಇಲಿ ಮುಟ್ಟಿರಲಿಲ್ಲ. ಧೂಳೂ ಕೂತಿರಲಿಲ್ಲ.

ಅದರ ಕತೆಯನ್ನು ಪವಿತ್ರ ಗಂಡನಿಗೆ ಹೇಳದೆ ಇರಲಿಲ್ಲ. ದೇವರ ಎತ್ತಿನ ಹೆಗಲಿಗೆ ನೊಗ ತಾಗಬಾರದು, ಬೆನ್ನ ಮೇಲೆ ಯಾರೂ ಕೂರಬಾರದು. ಸತ್ತರೆ ಮನುಷ್ಯರ ಹಾಗೆ ಅರಿಶಿನ ಹಚ್ಚಿ, ಹೊಸ ಬಟ್ಟೆ ಹೊದಿಸಿ ಅವು ಮೇಯುವ ಹುಲ್ಲುಬಯಲಲ್ಲಿ, ಕಾವಲಿನಲ್ಲಿ, ಮಣ್ಣು ಮಾಡುತ್ತಾರೆ. ಹಾಗೆ ಹೂತಿದ್ದ ಒಂದು ಬೆಳ್ಳನೆಯ ಎತ್ತಿನ ಮೇಲೆ ತಾತನ ಕಣ್ಣು ಬಿತ್ತು. ಗುಂಡಿ ಅಗೆಸಿದ, ಸುಲಿಸಿದ, ಹದ ಮಾಡಿಸಿ ಸೀಟಿಗೆ ಹೊದಿಸಿದ. ಉಳ್ಳವನ ಕುಂಡೆಗೆ ಇಲ್ಲದವರ ದೇವರೇ ಮೆತ್ತೆ! ಆಗ ಕಿಲಾರಿಯಾಗಿದ್ದವನು ಗಾದ್ರಪ್ಪನ ಅಪ್ಪ ಕ್ಯಾತಪ್ಪ. ನ್ಯಾಯ ಕೇಳಲು ಹೋದರೆ ಗಿರಣಿಯ ಅನ್ನ ತಿಂದ ಹಿರಿಯರೆಲ್ಲ ನೆಲ ನೋಡಿದರು. ಆಮೇಲೆ ಅವನು ಯಾರನ್ನೂ ಕೇಳಲಿಲ್ಲ. ಬರಿದಾದ ಗುಂಡಿಯ ಮಣ್ಣನ್ನು ಕಾರಿಗೆ ಬಳಿದು, ಎಕ್ಕದ ಬೇರಿಗೆ ಕರಿದಾರ ಸುತ್ತಿ ಸ್ಟೀರಿಂಗಿನ ಕೆಳಗೆ ಬಿಗಿದು, ತಾತನ ಮುಖಕ್ಕೇ ನುಡಿದ: "ಹೆಗಲು ಕೊಡದ ಎತ್ತಿನ ಮೇಲೆ ಕೂತೋನೇ, ಬೆನ್ನು ಕೊಟ್ಟೇ ಇಳಿ." ತಾತ ನಗುತ್ತಲೇ ಹತ್ತಿದ. ಸ್ಟೀರಿಂಗ್ ಹಿಡಿದುಕೊಂಡೇ ಸತ್ತ.

ಎದೆ ನಿಲ್ಲುವುದಕ್ಕೆ ಎಕ್ಕದ ಬೇರು ಬೇಕಾ ಎಂದು ವೀರೇಶ ಅದನ್ನು ಇಕ್ಕಳದಿಂದ ಕತ್ತರಿಸಿ ಎಸೆದ. ಒಣಗಿ ಕಡ್ಡಿಯಾಗಿದ್ದ ಬೇರು. ಕತ್ತರಿಸಿದ ಬಾಯಿಂದ ಹಸಿ ಹಾಲು ಜಿನುಗಿತು.

ಅಂದಿನಿಂದ ತೊಗಲು ಬೆಚ್ಚಗಾಯಿತು. ಗೋಡೌನಿನ ನೆರಳಲ್ಲೂ ಅಂಗೈಗೆ ಕಾವು ತಾಗುತ್ತಿತ್ತು. ಹೊಲಿಗೆಯ ಅಂಚಿನಲ್ಲಿ ಸಣ್ಣ ಬಿಳಿ ಕೂದಲು ಮೊಳೆತವು. ಅವನು ರೇಜರಿನಿಂದ ಹೆರೆದ. ಮತ್ತೆ ಬಂದವು. ಗಂಜಲದ ವಾಸನೆ, ನೊಣ. ಒಂದು ದಿನ ಕಾವಲಿನ ದನಗಳು ಅಷ್ಟು ದೂರದಿಂದ ನಡೆದು ಬಂದು, ಕಾರಿನ ಸುತ್ತ ನಿಂತು, ಕರುವನ್ನು ನೆಕ್ಕುವ ಹಾಗೆ ಸೀಟನ್ನು ನೆಕ್ಕಿದವು. ವೀರೇಶ ರಾಡು ತಿರುಗಿಸಿ ಹೊಡೆದು ಓಡಿಸಿದ.

"ಕೊಟ್ಟುಬಿಡ್ರಿ," ಎಂದಳು ಪವಿತ್ರ. "ನಮ್ಮ ತಾತ ಮಾಡಿದ್ದು ಹಲ್ಕಾ ಕೆಲಸ. ಅದನ್ನ ನೀವ್ಯಾಕೆ ಮೈಮೇಲೆ ಹಾಕ್ಕೊಳ್ತೀರಾ?"

"ನಿಮ್ಮನೇರಿಗೆ ಅದೊಂದೇ ಗೊತ್ತಿರೋದು. ಕೊಡೋದು, ಆಮೇಲೆ ಕಿತ್ಕೊಳ್ಳೋದು."

ಅವಳು ಕಾರು ಹತ್ತಲಿಲ್ಲ. ಅವನೊಬ್ಬನೇ ಹೊರಟ.

ಮಟಮಟ ಮಧ್ಯಾಹ್ನ. ಛಾವಣಿ ತೆರೆದಿತ್ತು. ಪೇಟೆಯಲ್ಲಿ ಜನ ತಿರುಗಿ ತಿರುಗಿ ನೋಡಿದರು. ಗಿರಣಿಯ ಮುಂದೆ ತಿಪ್ಪೇರುದ್ರ ಬಾಯಿಬಿಟ್ಟು ನಿಂತಿದ್ದ. ವೀರೇಶ ಹಾರನ್ ಒತ್ತಿದ. ಅಷ್ಟು ಸುಖ ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದೇ ಅಮಲಿನಲ್ಲಿ, ಕಾವಲಿನ ಪಕ್ಕದಲ್ಲೇ ಹಾಯುವ ದೊಡ್ಡಉಳ್ಳಾರ್ತಿಯ ದಾರಿ ಹಿಡಿದ.

ಕಾವಲಿನ ಹುಲ್ಲು ಕಂಡದ್ದೇ ಬೆನ್ನ ಹಿಂದೆ ಏನೋ ಉಬ್ಬಿತು. ಇಳಿಯಿತು. ಮತ್ತೆ ಉಬ್ಬಿತು.

ಸೀಟು ಉಸಿರಾಡುತ್ತಿತ್ತು.

ಬ್ರೇಕ್ ಒತ್ತಿದ. ನಿಲ್ಲಲಿಲ್ಲ. ಕೀಲಿ ತಿರುಗಿಸಿ ಕಿತ್ತ. ಎಂಜಿನ್ ಆರಲಿಲ್ಲ, ಗುಟುರು ಹಾಕಿತು. ಕಾರು ದಾರಿ ಬಿಟ್ಟು ಹುಲ್ಲಿಗೆ ನುಗ್ಗಿತು. ಹಿಂದಿನಿಂದ ಛಾವಣಿ ಎದ್ದಿತು. ತಾನಾಗಿಯೇ. ತಲೆಯ ಮೇಲೆ ಬಂತು. ಕವುಚಿತು. ಹಾಡಹಗಲೇ ಗವ್ವೆನ್ನುವ ಕತ್ತಲು. ಹಸಿ ನೆತ್ತರಿನ ನಾತ. ಬಾಗಿಲು ತಳ್ಳಿದ. ತೆರೆಯಿತು. ಇಳಿಯಲು ಮುಂದಕ್ಕೆ ಬಾಗಿದ. ಬೆನ್ನು ಬರಲಿಲ್ಲ. ಅಂಗಿಯಿಲ್ಲ. ಅಂಗಿ ಎಲ್ಲಿ ಹೋಯಿತು? ತೊಗಲಿಗೆ ತೊಗಲು. ಯಾವುದು ತನ್ನದು? ಎದೆ ಬಡಿಯುತ್ತಿತ್ತು. ಒಂದಲ್ಲ, ಎರಡು. ಎರಡನೆಯದು ದೊಡ್ಡದು. ತನ್ನದು ನಿಧಾನವಾಗುತ್ತಿತ್ತು. ಕ್ಯಾತಪ್ಪನ ಮಾತು ಆಗ ಅರ್ಥವಾಯಿತು. ತಾತ ಬೆನ್ನು ಕೊಡಲಿಲ್ಲ. ಅದಕ್ಕೇ ಸತ್ತ.

ಹಲ್ಲು ಕಚ್ಚಿದ. ಬಾಗಿಲ ಕಂಬ ಹಿಡಿದ. ಎಳೆದ.

ಗೋಣಿಚೀಲ ಹರಿದಂಥ ಸದ್ದು.

ಹುಲ್ಲಿನಲ್ಲಿ ಬೋರಲು ಬಿದ್ದವನನ್ನು ಆಸ್ಪತ್ರೆಗೆ ಕಳಿಸಿದವನು ಗಾದ್ರಪ್ಪನೇ. ಸುದ್ದಿ ಕೇಳಿ ಓಡಿಬಂದ ಪವಿತ್ರಳ ಎದುರಿಗೇ ಅವನು ಸೀಟಿನ ತೊಗಲನ್ನು ಕುಡುಗೋಲಿನಿಂದ ಬಿಡಿಸಿದ. ತನ್ನ ಮನೆಯ ತೆಲುಗಿನಲ್ಲಿ, ಕಂದನನ್ನು ಕರೆಯುವಂತೆ, "ರಾ ನಾಯನಾ" ಎಂದು ಎತ್ತಿ ಎದೆಗವಚಿಕೊಂಡ. ಬಿಳುಪಿನ ನಡುವೆ ಕೆಂಪಗೆ ಒಂದು ಬೆನ್ನಿನಗಲ ಚರ್ಮ ಅಂಟಿತ್ತು.

"ಅದ್ರಾಗೆ ನನ್ನ ಗಂಡಂದೂ ಐತೆ," ಎಂದಳು ಪವಿತ್ರ. "ಅದನ್ನ ಬಿಡಿಸಿ ಕೊಡಪ್ಪ."

ಗಾದ್ರಪ್ಪ ಕುಡುಗೋಲನ್ನು ಹುಲ್ಲಿಗೆ ಎಸೆದ. "ಬಿಡಿಸಿದ್ರೆ ಎರಡನೇ ಸಲ ಸುಲಿದಂಗೆ ಆಗ್ತೈತೆ ತಾಯಿ. ಒಂದು ಸಲ ಸುಲಿದದ್ದೇ ಸಾಕು."

ಅರಿಶಿನ ಹಚ್ಚಿ, ಹೊಸ ಬಟ್ಟೆ ಹೊದಿಸಿ, ಎರಡನ್ನೂ ಒಂದೇ ಗುಂಡಿಯಲ್ಲಿಟ್ಟು ಮಣ್ಣೆಳೆದರು. ಅದೇ ಹೊತ್ತಿಗೆ ಚಳ್ಳಕೆರೆಯಲ್ಲಿ ಬೋರಲು ಮಲಗಿದ್ದ ವೀರೇಶ, ಬೆನ್ನ ಮೇಲೆ ಮಣ್ಣು ಬೀಳ್ತೈತೆ, ತೆಗೀರಿ ಎಂದು ಕಿರುಚಿದ. ಅಲ್ಲಿ ಬ್ಯಾಂಡೇಜಿನ ಹೊರತು ಏನೂ ಇರಲಿಲ್ಲ.

ಗಾಯ ಮಾಗಿದೆ. ಆದರೆ ಕಾವಲಿನ ಹಿಂಡು ಈಗ ರಾತ್ರಿಯೆಲ್ಲ ಆ ಗುಂಡಿಯ ಮಣ್ಣಿನ ಗುಡ್ಡೆಯ ಮೇಲೆಯೇ ಮಲಗುತ್ತದೆ. ಬೆಳಕು ಹರಿದು, ಗಾದ್ರಪ್ಪ ಬಂದು, ಒಂದೊಂದಾಗಿ ಎಬ್ಬಿಸಿ ಮೇವಿಗೆ ಹೊಡೆದುಕೊಂಡು ಹೋಗುವವರೆಗೂ ವೀರೇಶ ಹಾಸಿಗೆ ಬಿಟ್ಟು ಏಳಲಾರ.

ಗಾದ್ರಪ್ಪನಿಗೆ ಅವಸರವಿಲ್ಲ.