ಮರ್ವಿನ್ ಹೆಸರಿನ ತುದಿ

"ಆ ಎರಡನೇ ಕಪ್ ಯಾರಿಗೆ?"

ಎಲ್ಡನ್ ಕೇಳಿದಾಗ ಡೆಲ್ಫೀನ್ ಥರ್ಮಾಸಿನಿಂದ ಕಣ್ಣೆತ್ತಲಿಲ್ಲ. ಸುಟ್ಟು ಕಪ್ಪಾಗಿ ನಿಂತ ಪೈನ್ ಮರಗಳ ನಡುವೆ, ಟ್ರಕ್ಕಿನ ಹಿಂಬದಿಯಲ್ಲಿ ಇಬ್ಬರೂ ಊಟಕ್ಕೆ ಕೂತಿದ್ದರು.

"ಮರ್ವಿನ್‌ಗೆ," ಅಂದಳು. "ಅವನಿಗೆ ಸಕ್ಕರೆ ಹಾಕಿದ್ರೆ ಆಗಲ್ಲ."

"ಓ." ಬ್ಯಾನಕ್ ರೊಟ್ಟಿಯ ದೊಡ್ಡ ತುಂಡನ್ನು ಅವಳತ್ತ ಚಾಚಿದ್ದ ಎಲ್ಡನ್ ಕೈ ಹಿಂದಕ್ಕೆಳೆದುಕೊಂಡ. "ಅದೃಷ್ಟವಂತ."

ತಿದ್ದಬೇಕಿತ್ತು. ಅವಳು ತಿದ್ದಲಿಲ್ಲ. ಅವನು ಹೋದ ಮೇಲೆ ಚಹಾವನ್ನು ಮರದ ಬುಡಕ್ಕೆ ಸುರಿದಳು.

ಊರಿನ ಮೂಲನಿವಾಸಿಗಳ ಕ್ರೀ ಭಾಷೆಯಲ್ಲಿ ತೀರಿಹೋದವರ ಹೆಸರಿನ ತುದಿಗೆ 'ಇಪನ್' ಎಂದು ಸೇರಿಸುತ್ತಾರೆ. ಅಷ್ಟು ಕಿವಿಗೆ ಬಿದ್ದರೆ ಸಾಕು, ಕೇಳಿದವರು ದನಿ ತಗ್ಗಿಸುತ್ತಾರೆ. ಹಿಂದಿನ ವರ್ಷದ ಬೇಸಿಗೆಯಲ್ಲಿ ಇದೇ ಕಾಡಿನ ಬೆಂಕಿ ಆರಿಸಲು ಹೋದ ಮರ್ವಿನ್ ತಿರುಗಿ ಬಂದಿರಲಿಲ್ಲ. ಅವನಿಗೂ ಡೆಲ್ಫೀನ್‌ಗೂ ಮದುವೆ ಗೊತ್ತಾಗಿತ್ತು. ಇವತ್ತಿಗೂ ಅವಳ ಬಾಯಲ್ಲಿ ಆ ಹೆಸರು ಬದುಕಿರುವವರ ಹೆಸರೇ. ಊರಿನವರು ಸುಮ್ಮನಿದ್ದರು. ಎಲ್ಡನ್‌ಗೆ ಮಾತ್ರ ಇದೊಂದೂ ತಿಳಿಯದು. ಊರಿನ ಎಷ್ಟೋ ಮಕ್ಕಳಂತೆ, ಚಿಕ್ಕಂದಿನಲ್ಲೇ ಸರ್ಕಾರದವರು ಅವನನ್ನು ಎತ್ತಿಕೊಂಡು ಹೋಗಿ ದೂರದ ವಿನಿಪೆಗ್ ನಗರದ ಪರರ ಮನೆಗೆ ಸಾಕಲು ಕೊಟ್ಟಿದ್ದರು. ಈ ವಸಂತದಲ್ಲಿ ಊರಿಗೆ ಮರಳಿ, ಮರ ಕಡಿಯುವ ಮಿಷಿನ್ ಓಡಿಸುತ್ತ, ಡೆಲ್ಫೀನ್ ಜೊತೆ ಅರೆಬರೆ ಕ್ರೀಯಲ್ಲೇ ಮಾತಾಡುತ್ತೇನೆಂದು ಹಟ ಹಿಡಿದಿದ್ದ.

ಮರುದಿನ ಅವನು ಅವಳ ಪಕ್ಕ ಕೂರಲಿಲ್ಲ.

"ಅಕ್ಕಾ, ಮರಕ್ಕೆ ಕಟ್ಟೋ ರಿಬ್ಬನ್ ಇದೆಯಾ?" ದೂರದಿಂದಲೇ ಕೇಳಿದ.

"ಅಕ್ಕನಾ? ನಿನಗಿಂತ ಚಿಕ್ಕವಳು ನಾನು."

"ಹಾಗಾದ್ರೆ ತಂಗಿ ಅನ್ಲಾ?"

"ಏನೂ ಅನ್ಬೇಡ."

ಅವನ ಮುಖದಲ್ಲಿ ನಗು ಬಂದದ್ದನ್ನೂ, ಅದನ್ನವನು ನುಂಗಿಕೊಂಡದ್ದನ್ನೂ ಅವಳು ಕಂಡಳು. ಆ ನಗು ನಾಳೆಯೂ ಬರಲಿ ಎಂದು ಮನಸ್ಸು ಬಯಸಿತು. ಬಯಸಿದ್ದಕ್ಕೆ ಹಿಂದಿನಿಂದ ಯಾರೋ ನೋಡಿದಂತಾಗಿ ತಿರುಗಿದಳು. ಕಪ್ಪು ಮರಗಳಷ್ಟೇ ಇದ್ದವು.

ಕೆಲಸದ ಮುಖ್ಯಸ್ಥೆ ಬರ್ನಿಸ್ ಚಿಕ್ಕಮ್ಮ ಮಧ್ಯಾಹ್ನ ಎಲ್ಲರೆದುರೇ ಮಾತು ತೆಗೆದಳು. ಸುಟ್ಟ ಮರವನ್ನು ಪುಡಿ ಮಾಡಿ ಇಂಧನದ ಎಣ್ಣೆ ತೆಗೆಯುವ ಘಟಕ ಊರಿನದೇ. ದಕ್ಷಿಣದ ಕಂಪನಿಯೊಂದು ಅದರಲ್ಲಿ ಪಾಲುದಾರ. ಆದರೆ ಯಾವ ಮರ ಕಡಿಯಬೇಕೆನ್ನುವುದು ಊರಿನ ಮಾತು, ಆ ಮಾತನ್ನು ನೀಲಿ ರಿಬ್ಬನ್ ಕಟ್ಟಿ ಹೇಳುವುದು ಡೆಲ್ಫೀನ್ ಕೆಲಸ.

"ಸರೋವರದ ಕಡೆಯ ಕಾಡಿನ ತುಂಡೊಂದೇ ಕಡಿಯೋಕೆ ಉಳಿದಿರೋದು ಕಣೆ. ಬರೋ ಬೇಸಿಗೆಗೆ ಹುಳ ತಿಂದು ಹಿಟ್ಟು ಮಾಡಿರುತ್ತೆ. ನೀನು ರಿಬ್ಬನ್ ಕಟ್ಟದೆ ನಾನು ಮಿಷಿನ್ ಬಿಡಲ್ಲ, ಆಣೆ. ಆದ್ರೆ ಘಟಕ ನಿಂತ್ರೆ ಚಳಿಗಾಲಕ್ಕೆ ಮತ್ತೆ ಹೊರಗಿನ ಡೀಸೆಲ್‌ಗೆ ಕೈ ಚಾಚ್ಬೇಕು. 'ನಿಮ್ಮ ಕೈಲಾಗಲ್ಲ, ನಮಗೇ ಬಿಡಿ' ಅನ್ನೋಕೆ ಆ ಕಂಪನಿಯವ್ರು ಕಾದು ಕೂತಿದಾರೆ."

ಡೆಲ್ಫೀನ್ ಕೈಯಲ್ಲಿದ್ದ ರಿಬ್ಬನ್ ಸುರುಳಿಯನ್ನು ಜೇಬಿಗೆ ತುರುಕಿದಳು.

"ಕೆಲಸ ಜಾಸ್ತಿಯಾದ್ರೆ ಮರ್ವಿನ್‌ನ ಕರೀರಿ," ಎಂದ ಎಲ್ಡನ್, ಸಹಾಯವಾಗಲೆಂದು. "ಅವನೂ ಒಂದು ಕೈ ಹಾಕ್ಲಿ."

 ಡೆಲ್ಫೀನ್ ಎದ್ದು ಸರೋವರದ ಕಡೆ ನಡೆದಳು. ಹಿಂದೆ ಚಿಕ್ಕಮ್ಮನ ದನಿ ಕೇಳಿಸಿತು: "ಅಯ್ಯೋ ಪೆದ್ದಾ, ಬಾ ಇಲ್ಲಿ."

ಆ ತುಂಡಿನೊಳಗೆ ಗಾಳಿಯೂ ಇರಲಿಲ್ಲ. ಕಟಕಟ, ಕಟಕಟ ಎನ್ನುವ ಸದ್ದು ಮಾತ್ರ ಮರಗಳ ಒಳಗಿನಿಂದ ಬರುತ್ತಿತ್ತು. ಮರ್ವಿನ್ ಸ್ಪ್ರೂಸ್ ಮರದ ಅಂಟು ಅಗಿಯುತ್ತಿದ್ದದ್ದು ಹೀಗೇ, ಪಕ್ಕದಲ್ಲಿ ಕೂತು, ಅವಳಿಗೆ ರೇಗಲೆಂದೇ.

ಹಿಂದೆಯೇ ಬಂದ ಎಲ್ಡನ್ ಟೋಪಿ ತೆಗೆದು ದೂರದಲ್ಲೇ ನಿಂತ. "ಚಿಕ್ಕಮ್ಮ ಹೇಳಿದ್ರು. ನಂಗೆ ಗೊತ್ತಿರಲಿಲ್ಲ."

"ನಾನೇ ತಪ್ಪಾಗಿ ಹೇಳಿದ್ದೆ." ಮರದತ್ತ ಕೈ ತೋರಿಸಿ ಅಂದಳು, "ಅದು ಹುಳ. ಮರ ತಿನ್ನೋ ಸದ್ದು."

"ಹೂಂ."

"ಗೊತ್ತಿದ್ದೂ ಕೇಳೋಕೆ ಬರ್ತೀನಿ. ಈ ಮರಗಳೂ ಹೋದ್ರೆ ಎಲ್ಲಿ ಕೇಳ್ಲಿ?"

ಅವನು ಹತ್ತಿರದ ಮರಕ್ಕೆ ಕಿವಿಯಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. ಮುಖ ತೆಗೆದಾಗ ಅರ್ಧ ಕೆನ್ನೆ, ಕಿವಿ, ಮೂಗಿನ ತುದಿ ಎಲ್ಲ ಮಸಿ.

ಅವಳಿಗೆ ನಗು ಬಂತು. ಬೆನ್ನಲ್ಲೇ ಅಳುವೂ ಬಂತು. ಅವನು ಹತ್ತಿರ ಬರಲೂ ಇಲ್ಲ, ದೂರ ಹೋಗಲೂ ಇಲ್ಲ.

ಅಳು ನಿಂತ ಮೇಲೆ ಅವಳು ಸಂಚಿಯಿಂದ ಚಿಟಿಕೆ ಹೊಗೆಸೊಪ್ಪು ತೆಗೆದು, ಹಿರಿಯರ ಪದ್ಧತಿಯಂತೆ ಮರದ ಬುಡದಲ್ಲಿ ಕಾಣಿಕೆಯಾಗಿ ಇಟ್ಟಳು. "ಮರ್ವಿನಿಪನ್," ಅಂದಳು. ಆ ತುದಿ ನಾಲಿಗೆಗೆ ಒರಟಾಗಿ ತಾಗಿತು. "ನಿನ್ನ ಕಾಡು ಊರನ್ನ ಬೆಚ್ಚಗಿಡ್ಲಿ."

ಕಟಕಟ ಸದ್ದು ನಿಲ್ಲಲಿಲ್ಲ. ಅದರ ನಡುವೆಯೇ ಅವಳು ನೀಲಿ ರಿಬ್ಬನ್ ಕಟ್ಟಿದಳು, ಒಂದಾದ ಮೇಲೊಂದು ಮರಕ್ಕೆ.

ಆ ತುಂಡು ಬರಿದಾದ ಸಂಜೆ ಮಿಷಿನ್ ನಿಂತಿತು. ಅಷ್ಟು ದೊಡ್ಡ ಮೌನವನ್ನು ಡೆಲ್ಫೀನ್ ಎಂದೂ ಕೇಳಿರಲಿಲ್ಲ. ಬಯಲಾದ ನೆಲದಾಚೆ ಸರೋವರ ಮೊದಲ ಸಲ ಕಾಣುತ್ತಿತ್ತು. 

"ಏನಾದ್ರೂ ಮಾತಾಡು," ಅಂದಳು ಎಲ್ಡನ್‌ಗೆ. "ಏನಾದ್ರೂ."

ಅವನು ಮಿಷಿನ್‌ನಿಂದ ಇಳಿದು ಬಂದ. ತುಟಿಯಲ್ಲೇ ಒಮ್ಮೆ ಅಂದುಕೊಂಡು, ಮತ್ತೆ ಜೋರಾಗಿ ಕ್ರೀಯಲ್ಲಿ ಹೇಳಿದ. ಆದರೆ ಪದದ ನಡುವಿನ ಒಂದು ಸಣ್ಣ ಅಕ್ಷರವನ್ನು ನುಂಗಿದ್ದ. 'ನಾನು ನಿನ್ನ ಪ್ರೀತಿಸ್ತೀನಿ' ಅನ್ನಲು ಹೋಗಿ, 'ನೀನು ನನ್ನ ಪ್ರೀತಿಸ್ತೀಯ' ಅಂದುಬಿಟ್ಟಿದ್ದ.

ಅವಳ ಮುಖ ನೋಡಿ ಗಾಬರಿಯಾದ. "ಯಾಕೆ, ತಪ್ಪಾಯ್ತಾ?"

ಡೆಲ್ಫೀನ್ ಬಯಲನ್ನೊಮ್ಮೆ ನೋಡಿದಳು. ಮತ್ತೆ ಅವನನ್ನು.

"ಇಲ್ಲ," ಅಂದಳು. "ಸರಿಯಾಗೇ ಹೇಳ್ದೆ."